ವಿಮಾನದ ಎಡಬದಿ

ರೌಶನ್ ಹಿಟ್ಟು ನಾದುತ್ತಿದ್ದಳು. ಮೊಣಕೈವರೆಗೂ ಮೈದಾ ಮೆತ್ತಿತ್ತು, ಒಲೆಯ ಮೇಲೆ ಹಾಲಿನ ಚಹಾ ಉಕ್ಕುವ ಹವಣಿಕೆಯಲ್ಲಿತ್ತು. ಅಷ್ಟರಲ್ಲಿ ಯಾರೋ ಮುರಿದೇ ಹಾಕುವವರಂತೆ ಬಾಗಿಲು ಬಡಿದರು.

ಬಂದವನು ದೌಲೆತ್, ಅವಳ ಗಂಡ ಸಂಜಾರನ ಜೀವದ ಗೆಳೆಯ. ಬೂಟು ಬಿಚ್ಚುವುದನ್ನೂ ಮರೆತು ಒಳಗೆ ನುಗ್ಗಿದ.

"ಅತ್ತಿಗೆ, ಸಂಜಾರ್ ಹೆಸರು ಅಳಿಸಿಬಿಟ್ಟಿದ್ದಾರೆ!"

"ಮೆಲ್ಲಗೆ ಮಾತಾಡಪ್ಪಾ! ತೋಮಿರಿಸ್ ಪಕ್ಕದ ಕೋಣೇಲಿದ್ದಾಳೆ."

ದೌಲೆತ್ ನಾಲಿಗೆ ಕಚ್ಚಿಕೊಂಡ. ಏಳು ವರ್ಷದ ಆ ಮಗುವಿಗೆ ಅಪ್ಪ ಇಲ್ಲವೆಂಬುದು ಗೊತ್ತಿರಲಿಲ್ಲ. ಚಳಿಗಾಲದಲ್ಲಿ, ಹಿಮ ಗಟ್ಟಿದ ರಸ್ತೆಯಲ್ಲಿ ಸಂಜಾರನ ಕಾರು ಮಗುಚಿದಾಗ ಅವಳು ದೂರದ ಬಲ್ಖಾಶ್ ಊರಿನ ಚಿಕ್ಕಮ್ಮನ ಮನೆಯಲ್ಲಿದ್ದಳು. ಕಜಕರಲ್ಲಿ ಸಾವಿನ ಸುದ್ದಿಯನ್ನು ಯಾರೂ ಮುಖಕ್ಕೆ ಎಸೆಯುವುದಿಲ್ಲ. ಹಿರಿಯರು ಸೇರಿ, ಪಕ್ಕದಲ್ಲಿ ಕೂತು, ಸುತ್ತಿ ಬಳಸಿ, ನಿಧಾನವಾಗಿ ಕಿವಿಗೆ ಹಾಕಬೇಕು. ಅಲ್ಲಿಯವರೆಗೆ ಗೊತ್ತಿದ್ದವರೆಲ್ಲ ತುಟಿ ಹೊಲಿದುಕೊಳ್ಳಬೇಕು. ತೋಮಿರಿಸಳಿಗಾಗಿ ಹಿರಿಯರು ಸೇರಲು ಎಷ್ಟೋ ಸಲ ಸಿದ್ಧರಾದರು. ಪ್ರತಿ ಸಲವೂ ತಡೆದವಳು ರೌಶನಳೇ. ಅಪ್ಪ ಕಡಲ ಕಡೆಯ ಎಣ್ಣೆ ಬಾವಿಗೆ ಕೆಲಸಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು. ಹಾಗೆಂದಾಗಲೆಲ್ಲ ಮಗಳ ಮುಖ ನೋಡಲಾಗದೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು.

"ಲೆಮ್ಕೆ ಮುದುಕನದೇ ಕೆಲಸ," ಎಂದ ದೌಲೆತ್, ಈಗ ಪಿಸುದನಿಯಲ್ಲಿ.

ಸಂಜಾರ್, ದೌಲೆತ್, ಲೆಮ್ಕೆ ಮೂವರಿಗೂ ಒಂದೇ ಹುಚ್ಚು. ಹಳೆಯ ಯುದ್ಧದ ವಿಮಾನಗಳನ್ನು ಕಂಪ್ಯೂಟರಿನಲ್ಲಿ ಹಾರಿಸುವ ಆಟ. ಆ ಆಟದಲ್ಲಿಲ್ಲದ ವಿಮಾನಗಳನ್ನು ತಾವೇ ರೂಪಿಸಿ, ಜಗತ್ತಿನ ಆಟಗಾರರಿಗೆಲ್ಲ ಪುಕ್ಕಟೆಯಾಗಿ ಹಂಚುತ್ತಿದ್ದರು. ಅವರ ಬಾಯಲ್ಲಿ ಅದು 'ಮಾಡ್'. ಕೊನೆಯದಾಗಿ ಕೈ ಹಾಕಿದ್ದು ಮರ ಮತ್ತು ಬಟ್ಟೆಯ, ಎರಡು ಜೋಡಿ ರೆಕ್ಕೆಯ ಬಾಂಬರಿಗೆ. ಅದು ಮುಗಿಯುವ ಮುನ್ನ ಸಂಜಾರ್ ಮುಗಿದ. ಜೊತೆಗಾರ ತೀರಿಕೊಂಡರೆ ಅವನ ಹೆಸರನ್ನು ವಿಮಾನದ ಮೈಮೇಲೆ ಬರೆಯುವುದು ಆ ಜನರ ರೂಢಿ. ಇವರೂ ಬರೆದರು. ಇವತ್ತು ಅದನ್ನು ಲೋಕಕ್ಕೆ ಬಿಡಬೇಕಿತ್ತು.

"ಹಳೇ ಪ್ರತಿ ನನ್ನ ಹತ್ರ ಇದೆ, ಹೆಸರು ಮತ್ತೆ ಹಾಕ್ತೀನಿ. ಅದಲ್ಲ ಸಂಕಟ. ಯುದ್ಧಕಾಲದ ವಿಮಾನದ ಮೇಲೆ ಈಗಿನವನ ಹೆಸರು ಬರೆಯೋದು ಇತಿಹಾಸಕ್ಕೆ ದ್ರೋಹ ಅಂತ ಕೂಗಾಡಿದ್ದ ಲೆಮ್ಕೆ. ಇವತ್ತೇ ಗುಂಪಿನಿಂದ ಆಚೆ ಹಾಕ್ತೀನಿ. ಯಾಕೆ ಅಂತ ಎಲ್ಲರಿಗೂ ಕಾಣೋ ಹಾಗೆ ಬರೀತೀನಿ."

"ಅವರು ಅಂಥವರಲ್ಲ," ಎಂದಳು ರೌಶನ್.

"ಮತ್ಯಾರು?"

ಅವಳು ನಾದಿದ್ದ ಹಿಟ್ಟನ್ನೇ ಮತ್ತೆ ನಾದಿದಳು.

"ಯಾರೋ ಬಾಗಿಲು ಮುರೀತಿದ್ದಾರೆ ಅಂದ್ಕೊಂಡೆ. ನೋಡಿದ್ರೆ ನೀನು!" ಎನ್ನುತ್ತ, ಎಲ್ಲರೂ 'ಅಪೈ', ಅಂದರೆ ಅಕ್ಕ, ಎಂದು ಕರೆಯುವ ಜೌರೇಶ್ ಒಳಬಂದರು. ಪೊಲೀಸ್ ತನಿಖಾ ವಿಭಾಗದಿಂದ ನಿವೃತ್ತರಾಗಿ ಮೇಲಿನ ಮಹಡಿಯಲ್ಲಿದ್ದ ಅವರಿಗೆ ಕಟ್ಟಡದ ಯಾವ ಗುಟ್ಟೂ ಬಿಸಿಯಿರುವಾಗಲೇ ಬೇಕು. ಬಾಲ್ಕನಿಯಿಂದ ಕುದುರೆ ಮಾಂಸದ ಸಾಸೇಜು ಮಾಯವಾದಾಗ ಕಳ್ಳನನ್ನು ಹಿಡಿದವರು ಅವರೇ. ಅವರು ಎಲ್ಲಿ ಹೋದರೂ ಚಹಾ ಕುಡಿಸುತ್ತ, ಕೇಳಿದ್ದಕ್ಕೆ ಹೂಂಗುಟ್ಟುತ್ತ ಜೊತೆಗಿರುತ್ತಿದ್ದವಳು ರೌಶನ್.

"ತೋರ್ಸು," ಎಂದರು ಅಪೈ.

ದೌಲೆತ್ ನಡುಮನೆಯ ಮೂಲೆಯಲ್ಲಿದ್ದ, ವಿಮಾನದ ಮೂಲ ಪ್ರತಿಯಿರುವ ಸಂಜಾರನ ಕಂಪ್ಯೂಟರ್ ತೆರೆದ. ಆಟ ಶುರುವಾಗುವಾಗ ಬರುವ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು.

"ಏನಿದು?"

"ಗೆಳೆಯ ಸಂಜಾರನ ನೆನಪಿಗೆ ಅಂತ."

"ಇದನ್ನ ಯಾರೂ ಮುಟ್ಟಿಲ್ಲ, ಅಲ್ವಾ?"

"ಇಲ್ಲ."

ಮುಂದೆ ವಿಮಾನ ನಿಲ್ಲಿಸುವ ಕೊಟ್ಟಿಗೆ ಕಾಣಿಸಿತು. ವಿಮಾನ ಎಡಬದಿ ತೋರಿಸಿಕೊಂಡು ನಿಂತಿತ್ತು. ಕಜಕ್ ಭಾಷೆಯಲ್ಲಿ ದೊಡ್ಡದಾಗಿ ಅದೇ ಮಾತು ಬರೆದಿದ್ದ ಜಾಗದಲ್ಲಿ ಹಸಿರು ಬಣ್ಣದ ದಪ್ಪ ತೇಪೆ.

"ಮೈ ತುಂಬ ಈ ಸಣ್ಣ ಗೆರೆಗಳೇನು?"

"ಬಟ್ಟೆಯ ಹೊಲಿಗೆ ಅಪೈ. ಒಂದೊಂದು ಹೊಲಿಗೆಗೂ ಲೆಮ್ಕೆ ನಮ್ಮ ಪ್ರಾಣ ಹಿಂಡಿದ್ದಾನೆ."

"ತೇಪೆ ಮೇಲೆ ಹೊಲಿಗೇನೇ ಇಲ್ವಲ್ಲ. ಇರ್ಲಿ, ಆ ಕಡೆ ತಿರುಗ್ಸು."

"ಇಲ್ಲಿ ತಿರುಗಲ್ಲ. ಆ ಬದಿ ನೋಡ್ಬೇಕಾದ್ರೆ ಹಾರಿಸ್ಬೇಕು."

"ಹಾರ್ಸು ಮತ್ತೆ. ನಾನೇನು ಟಿಕೆಟ್ ತಗೋಬೇಕಾ?"

ವಿಮಾನ ಗುಡುಗುಡು ಸದ್ದು ಮಾಡುತ್ತ ನೆಲ ಬಿಟ್ಟಿತು. ದೌಲೆತ್ ಹೊರಗಿನ ನೋಟಕ್ಕೆ ಬದಲಿಸಿ ಬಲಬದಿಗೆ ಬಂದ. ಅಲ್ಲಿ ಅದೇ ಕಜಕ್ ಸಾಲಿನ ಬಿಳಿ ಅಕ್ಷರಗಳು ಒಂದಿಷ್ಟೂ ಕೆಡದೆ ಇದ್ದವು.

ರೌಶನ್ ಹಿಡಿದಿದ್ದ ಚಹಾ ಬಟ್ಟಲು ತಟ್ಟೆಗೆ ತಾಗಿ ಟಣ್ಣೆಂದಿತು. ಅಪೈ ತಿರುಗಿ ನೋಡಲಿಲ್ಲ.

"ಈ ಕಂಪ್ಯೂಟರಿಗೆ ಕೈ ಹಾಕೋಕೆ ಯಾರ್‍ಯಾರಿಗೆ ಆಗುತ್ತೆ?"

"ನಾನು, ಲೆಮ್ಕೆ. ಇಬ್ರೂ ನಮ್ಮ ನಮ್ಮ ಮನೆಯಿಂದಲೇ ಇಂಟರ್ನೆಟ್ಟಲ್ಲಿ ತೆಗೀಬಹುದು."

"ಮತ್ತೆ ಈ ಮನೇಲಿರೋರು," ಎಂದು ಅಪೈ ಸಲೀಸಾಗಿ ಸೇರಿಸಿದರು. "ಲೆಮ್ಕೆಯನ್ನ ಕರ್ಸು. ರೊಟ್ಟಿ ಬೇಯೋಷ್ಟರಲ್ಲಿ ಮುಗಿಸೋಣ."

ಲೆಮ್ಕೆ ಬಂದು, ಅವಮಾನಕ್ಕೆ ಟೋಪಿಯನ್ನೂ ತೆಗೆಯದೆ, ಅಡಿಗೆಮನೆಯ ಸ್ಟೂಲಿನ ತುದಿಯಲ್ಲಿ ಕೂತ. ರೌಶನ್ ತೋಮಿರಿಸಳಿಗೆ ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟು ಕೋಣೆಯಲ್ಲೇ ಚಿತ್ರ ಬರೆಯಲು ಹೇಳಿ ಬಂದಳು. ಮುದುಕನ ಚಹಾಕ್ಕೆ ಅವನು ಕೇಳದಿದ್ದರೂ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಕೊಟ್ಟಳು.

"ನಾನು ಬೇಡ ಅಂದಿದ್ದು ನಿಜ," ಎಂದ ಲೆಮ್ಕೆ. "ಬರೆದ ಮೇಲೆ ಅದರ ಮುಂದೆ ಕೂತು ಅತ್ತಿದ್ದೂ ನಿಜ."

"ನಾಟಕ!" ಎಂದ ದೌಲೆತ್.

"ನಾನೇ ಅಳಿಸೋನಾಗಿದ್ರೆ ಕೆಳಗಿನ ಹೊಲಿಗೆ ಉಳಿಸಿ ಅಳಿಸ್ತಿದ್ದೆ ಕಣೋ ಕತ್ತೆ!"

"ಅದೇ ಮೊದಲನೇದು," ಎಂದರು ಅಪೈ. "ಹೊಲಿಗೆಗೋಸ್ಕರ ಗೆಳೆಯರ ಪ್ರಾಣ ಹಿಂಡಿದೋನು ಹೊಲಿಗೆ ಮೇಲೆ ಬಣ್ಣ ಬಳಿಯಲ್ಲ. ಅದು ವಿಮಾನ ಮಾಡೋರ ಕೈಯೇ ಅಲ್ಲ. ಎರಡನೇದು, ಬಲಬದಿ. ಹಾರಿಸೋರಿಗೆಲ್ಲ ಅಲ್ಲೂ ಹೆಸರಿದೆ ಅಂತ ಗೊತ್ತು. ಅಳಿಸಿದೋರು ಕೊಟ್ಟಿಗೇಲಿ ನಿಂತ ವಿಮಾನ ಮಾತ್ರ ನೋಡಿದ್ದಾರೆ. ಯಾವತ್ತೂ ಹಾರಿಸಿಲ್ಲ."

ಒಲೆಯೊಳಗೆ ಮುಂದಿನ ರೊಟ್ಟಿ ಕೆಂಪಾಗುತ್ತಿತ್ತು. ಯಾರೂ ಅತ್ತ ನೋಡಲಿಲ್ಲ.

"ಮೂರನೇದು. ಸಂಜಾರನ ಮೇಲೆ ಸಿಟ್ಟಿದ್ರೆ, ಇತಿಹಾಸದ ಮೇಲೆ ಮೋಹ ಇದ್ರೆ, ಇಂಗ್ಲಿಷ್ ಸಾಲೂ ಹೋಗ್ಬೇಕಿತ್ತು. ಅದು ಹಾಗೇ ಇದೆ. ಹೋಗಿದ್ದು ಕಜಕ್ ಸಾಲು ಮಾತ್ರ. ಅಂದ್ರೆ ಇದು ಲೋಕಕ್ಕೆ ಮುಚ್ಚಿದ್ದಲ್ಲ. ಇಂಗ್ಲಿಷ್ ಬರದೇ ಇರೋ, ಈಗಷ್ಟೇ ನಮ್ಮ ಅಕ್ಷರ ಕೂಡಿಸಿ ಓದೋಕೆ ಕಲ್ತಿರೋ ಒಬ್ಬರಿಂದ ಮುಚ್ಚಿದ್ದು." ಅಪೈ ದನಿ ಮೆತ್ತಗಾಯಿತು. "ಇನ್ನು ನಾನು ಹೇಳ್ಲಾ, ನೀನೇ ಹೇಳ್ತೀಯಾ ಮಗಳೇ?"

ರೌಶನ್ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ನಾನೇ. ಅವಳು ಕಂಪ್ಯೂಟರಲ್ಲಿ ಚಿತ್ರ ಬರೀತಾಳಲ್ಲ, ಆ ಪ್ರೋಗ್ರಾಮಲ್ಲೇ ಬಣ್ಣ ಬಳಿದೆ. ಶಾಲೆಯಿಂದ ಬಂದೋಳು ಅಂಗಡಿ ಬೋರ್ಡು, ಬಸ್ಸು, ಉಪ್ಪಿನ ಪೊಟ್ಟಣ, ಏನು ಕಂಡ್ರೂ ಓದ್ತಾಳೆ. ವಿಮಾನದ ಮೇಲೆ ಓದಿ ತಿಳ್ಕೋಬೇಕಾ ಅವಳು?" ಅವಳು ಲೆಮ್ಕೆಯತ್ತ ತಿರುಗಿದಳು. "ಆಗ ಇವನು ನಿಮ್ಮ ಹೆಸರು ಎತ್ತಿದಾಗಲೇ ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ನೀವು ಕೆಟ್ಟೋರಾದ್ರೂ ಸರಿ, ಇನ್ನೊಂದು ದಿನ ನನ್ನ ಸುಳ್ಳು ಉಳೀಲಿ ಅಂದ್ಕೊಂಡೆ."

ಲೆಮ್ಕೆ ಟೋಪಿ ತೆಗೆದ. "ಆ ಹಸಿರು ತಪ್ಪು ಛಾಯೆ," ಎಂದ. "ಅಷ್ಟೇ ನನ್ನ ದೂರು."

ದೌಲೆತ್ ತಲೆಯೆತ್ತಲಿಲ್ಲ. "ಮನ್ನಿಸು ಮುದುಕಾ," ಎಂದಿದ್ದು ಅವನ ಗಡ್ಡಕ್ಕಷ್ಟೇ ಕೇಳಿಸುವಂತಿತ್ತು.

"ಇವತ್ತೇ ಕೂರೋಣ," ಎಂದರು ಅಪೈ. "ಹಿರಿಯರಿಗೆ ನಾನು ಫೋನ್ ಮಾಡ್ತೀನಿ. ನೀನು ಮಗಳ ಪಕ್ಕ ಇರು, ಸಾಕು."

ರೌಶನ್ ತಲೆಯಾಡಿಸಿ ಎದ್ದಳು. ಎದ್ದವಳು ಹಾಗೇ ನಿಂತಳು. ಅರೆತೆರೆದ ಬಾಗಿಲಲ್ಲಿ ತೋಮಿರಿಸ್, ರೊಟ್ಟಿಯನ್ನು ಕಚ್ಚದೆ ಎರಡೂ ಕೈಯಲ್ಲಿ ಹಿಡಿದು, ಅಮ್ಮನನ್ನೇ ನೋಡುತ್ತಿದ್ದಳು.

"ನೀನು ಅಡಿಗೆಮನೇಲಿರೋವಾಗ ನಾನು ವಿಮಾನ ಹಾರಿಸ್ತೀನಿ," ಎಂದಳು. "ಅಪ್ಪ ಕಲ್ಸಿದ್ರಲ್ಲ. ಆ ಕಡೆ ಇರೋದು ಓದಿದೀನಿ. ತುಂಬ ದಿನ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಕಂದಾ?"

"ಅಂಥಾ ಸುದ್ದಿ ಸುಮ್ನೆ ಹೇಳ್ಬಾರ್ದಲ್ಲ, ದೊಡ್ಡೋರು ಸೇರ್ಬೇಕಲ್ಲ. ನೀನು ದಿನಾ ಅಪ್ಪ ಬರ್ತಾರೆ ಅಂತಿದ್ದೆ. ನಿಂಗೆ ಯಾರೂ ಹೇಳಿಲ್ಲ ಅಂದ್ಕೊಂಡು ನಾನೂ ಸುಮ್ನಿದ್ದೆ." ಇಷ್ಟು ದಿನ ನುಂಗಿಕೊಂಡಿದ್ದನ್ನು ಕೊನೆಗೂ ಕೇಳಿಯೇಬಿಟ್ಟಳು:

"ಅಮ್ಮಾ, ಅಪ್ಪ ಸತ್ತೋಗಿದ್ದಾರೆ ಅಂತ ನಿಂಗೂ ಗೊತ್ತಿತ್ತಾ?"