ಒಂಟಿ ಕಣ್ಣಿನ ಊರು

ಸ್ನಾನಘಟ್ಟದ ಕೊನೆಯ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ. ಪಕ್ಕದಲ್ಲಿ ಮಡಿಸಿಟ್ಟ ಅಂಗಿ. ಅಂಗಿಯ ಮೇಲೆ ಕನ್ನಡಕ ಮತ್ತು ಮೊಬೈಲು. ಅದರಾಚೆ ತುಂಬಿ ಹರಿಯುತ್ತಿದ್ದ ಕಪಿಲೆ.

ನಂಜನಗೂಡಿನ ಸಬ್ ಇನ್ಸ್‌ಪೆಕ್ಟರ್ ಹೇಮಲತಾ ಬರುವಷ್ಟರಲ್ಲಿ ಏಳೂವರೆ. ಜನ ಆಗಲೇ ನೆರೆದಿದ್ದರು. ಹೊಳೆಯಲ್ಲಿ ಒಬ್ಬ ಮುಳುಗಿದ ಅಂದರೆ ದಡದಲ್ಲಿ ನೂರು ಪಂಡಿತರು ಹುಟ್ಟಿಕೊಳ್ಳುತ್ತಾರೆ. ಒಬ್ಬ ಸುಳಿ ಇದೆ ಎಂದ. ಇನ್ನೊಬ್ಬ ಮೊಸಳೆ ಎಂದ. ಹೇಮಲತಾಗೆ ಬಿಟ್ಟಿ ಸಲಹೆ ಅಂದರೆ ಮೈ ಉರಿಯುತ್ತದೆ. ಎಲ್ಲರನ್ನೂ ಮೆಟ್ಟಿಲು ಹತ್ತಿಸಿದಳು.

ಉಳಿದವರು ಇಬ್ಬರೇ. ಒಬ್ಬಳು ಕವನ, ಮೈಸೂರಿನಲ್ಲಿ ಟೀಚರ್. ಚಪ್ಪಲಿ ಅವಳ ಅಪ್ಪ ರಾಮಯ್ಯನವರದು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ಇನ್ನೊಬ್ಬರು ಮಹಾದೇವಸ್ವಾಮಿ. ರಾಮಯ್ಯನವರ ಜೊತೆ ರೈಲ್ವೆಯಲ್ಲಿ ದುಡಿದವರು, ಈಗ ತಿ. ನರಸೀಪುರದಲ್ಲಿ ವಾಸ. ಕವನ ಫೋನ್ ಮಾಡಿದ ಕೂಡಲೇ ಕಾರು ಓಡಿಸಿಕೊಂಡು ಬಂದಿದ್ದರು.

ಕವನ ತನ್ನ ಮೊಬೈಲು ಚಾಚಿದಳು. ಬೆಳಿಗ್ಗೆ ಆರು ನಲವತ್ತಕ್ಕೆ ಅಪ್ಪನ ನಂಬರಿನಿಂದ ಬಂದ ಸಂದೇಶ. ಮೊದಲು ಒಂದು ಫೋಟೋ. ಸಣ್ಣ ರೈಲ್ವೆ ಸ್ಟೇಷನ್ನು, ಮುಂದೆ ಗೇಟು, ಗೇಟಿನ ಬಳಿ ಒಂದು ಆಟೋ, ಹಸಿರು ಸಿಗ್ನಲ್ಲು, ದೂರಕ್ಕೆ ಓಡುವ ಹಳಿ, ಕೊನೆಯಲ್ಲಿ ಗೋಪುರ, ಮೇಲೆ ಕೆಂಪಡರಿದ ಆಕಾಶ. ಕೆಳಗೆ ನಾಲ್ಕು ಸಾಲು. "ಬಸವನಗುಂಡಿ ಗೇಟನ್ನು ಕೊನೆಯ ಸಲ ನೋಡಿ ಬಂದೆ. ಅವತ್ತಿನ ತಪ್ಪು ನನ್ನದು. ಹೊಳೆಗೆ ಹೋಗುತ್ತಿದ್ದೇನೆ. ಹುಡುಕಬೇಡ."

"ನಮ್ಮಪ್ಪಂಗೆ ಈಜು ಬರುತ್ತೆ ಮೇಡಂ," ಎಂದಳು ಕವನ. "ಈಜು ಬರೋರು ಸಾಯಕ್ಕೆ ಹೊಳೆಗೆ ಹೋಗ್ತಾರಾ? ಅಪ್ಪ ಬದುಕಿದ್ದಾರೆ. ಹುಡುಕಿಕೊಡಿ."

ಮಹಾದೇವಸ್ವಾಮಿ ಅವಳ ತಲೆ ಸವರಿದರು. "ಇಲ್ಲಿ ಹುಡುಕಿ ಏನು ಪ್ರಯೋಜನ ಮೇಡಂ? ಈ ನೀರು ಎಳ್ಕೊಂಡು ಹೋದ್ರೆ ಬಿಡೋದು ನರಸೀಪುರದ ಸಂಗಮದಲ್ಲೇ. ನಾಳೆ ಅಲ್ಲಿ ನೋಡಿಸಿ."

"ನೀವು ಅವರನ್ನ ಕೊನೇ ಸಲ ನೋಡಿದ್ದು?"

"ಮೂರು ತಿಂಗಳಾಯ್ತು. ನಾನೀಗ ಈ ಕಡೆ ಬರೋದೇ ಕಡಿಮೆ."

* * *

ರಾಮಯ್ಯನವರ ಮನೆ ಎರಡು ಬೀದಿ ಆಚೆ. ನಡುಮನೆಯ ತುಂಬ ಒಂದು ದೊಡ್ಡ ಮೇಜು. ಮೇಜಿನ ಮೇಲೆ ಆಟದ ರೈಲು, ಆಟದ ಆಟೋ, ಮರದ ಮನೆ, ದಾರದ ತಂತಿ. ಹಿಂದಿನ ಗೋಡೆಗೆ ಬಣ್ಣದ ಪರದೆ.

ಕಾನ್‌ಸ್ಟೇಬಲ್ ಮಾದೇಶ್ ಬಾಗಿಲಲ್ಲೇ ನಿಂತು ಮೂಗು ಮುರಿದ. "ಏನು ಮೇಡಂ ಇದು, ಭೂಕಂಪ ಆದ ಊರಿದ್ದಂಗೆ!"

ಸುಳ್ಳಲ್ಲ. ಹಳಿ ಮುಂದೆ ಅಗಲ, ಹೋಗುತ್ತ ಹೋಗುತ್ತ ಕಿರಿದು. ಮನೆಗಳು ಸೊಟ್ಟ. ಮುಂದಿನ ಮರ ಮೊಣಕೈ ಉದ್ದ, ಹಿಂದಿನದು ಬೆರಳುದ್ದ. ನಡುವೆ ಹತ್ತಾರು ಕಡ್ಡಿ ಎತ್ತೆತ್ತಲೋ ನೆಟ್ಟಿದ್ದವು.

"ರಿಟೈರ್ ಆದ್ಮೇಲೆ ಅಪ್ಪಂಗೆ ಇದೇ ಹುಚ್ಚು," ಎಂದಳು ಕವನ. "ನಾನು ಬಾಗಿಲಿಂದಲೇ ನೋಡಿ ನಗ್ತಿದ್ದೆ."

ಪಕ್ಕದ ಮನೆಯ ಜವರಮ್ಮ ಕರೆಯದೆಯೇ ಬಂದರು. "ಆ ಎಮ್ಮಿಗೆ ನಾಗಯ್ಯ ಶನಿವಾರ ಬಂದು ಕೂಗಾಡ್ತಿದ್ದ ಕಣವ್ವ. ಇನ್ ನಿಮ್ ಮಖ ನೋಡಾಕಿಲ್ಲ ಅಂದ್ಬುಟ್ಟು ಓದ."

ಹೆಮ್ಮಿಗೆಯ ನಾಗಯ್ಯ ಹಳ್ಳಿ ನಾಟಕಗಳಿಗೆ ಸೀನರಿ ಬರೆಯುವವನು. ಈ ಪರದೆಯೂ ಅವನದೇ.

"ಕರ್ಕೊಂಡು ಬಾ," ಎಂದಳು ಹೇಮಲತಾ. ಮಾದೇಶನಿಗೆ ಅಷ್ಟು ಸಾಕಿತ್ತು. ಅವನ ಲೆಕ್ಕದಲ್ಲಿ ಕೇಸು ಆಗಲೇ ಮುಗಿದಿತ್ತು.

* * *

ಬಸವನಗುಂಡಿ ಗೇಟು ತಾಂಡವಪುರದ ದಾರಿಯಲ್ಲಿ ಬಲಕ್ಕೆ ತಿರುಗಿದರೆ ಸಿಗುತ್ತದೆ. ಗೇಟ್‌ಮನ್ ಶಿವು ಫೋಟೋ ನೋಡಿದ. ತಲೆ ಕೆರೆದುಕೊಂಡ.

"ಇವತ್ತಿಂದಾ? ಸಾಧ್ಯನೇ ಇಲ್ಲ ಮೇಡಂ. ಆರು ನಲವತ್ತರ ಆಸುಪಾಸು ಯಾವ ಗಾಡಿನೂ ಇಲ್ಲ. ಗೇಟು ತೆರೆದೇ ಇತ್ತು. ಇದ್ರಲ್ಲಿ ಮುಚ್ಚಿದೆ."

"ರಾಮಯ್ಯನವರು ಬಂದಿದ್ದರಾ?"

"ನೊಣ ಕೂಡ ಬಂದಿಲ್ಲ. ಬೇಕಾದ್ರೆ ಕ್ಯಾಮೆರಾ ನೋಡಿ."

"ಹಸಿರು ಸಿಗ್ನಲ್ ಇದೆಯಲ್ಲ? ಹಸಿರಿದ್ದರೆ ನಾವು ದಾಟಬಹುದು ಅಂತ ತಾನೆ?"

ಶಿವು ನಕ್ಕ. "ಎಲ್ರೂ ಅಂಗೇ ಅನ್ಕೋತಾರೆ. ಅದು ರೈಲಿಗೆ ಮೇಡಂ, ನಿಮಗಲ್ಲ. ಮೊದ್ಲು ಗೇಟು, ಆಮೇಲೆ ಸಿಗ್ನಲ್ಲು. ಗೇಟು ಮುಚ್ಚಿದೀನಿ ಅಂತ ನಾನು ಫೋನಲ್ಲಿ ಒಂದು ಗುರುತಿನ ನಂಬರ್ ಕೊಡ್ತೀನಿ, ಅದನ್ನ ರಿಜಿಸ್ಟರಲ್ಲಿ ಬರ್ಕೊಂಡ ಮೇಲೇ ಸ್ಟೇಷನ್ ಮಾಸ್ಟ್ರು ಹಸಿರು ಕೊಡೋದು. ಗೇಟು ಎತ್ತಿರುವಾಗ ಹಸಿರು ಕಂಡ್ರೆ ರೈಲ್ವೆಯವರಿಗೆ ಕೈ ಕಾಲು ಆಡಲ್ಲ."

ಅವನು ಫೋಟೋ ಹಿಗ್ಗಿಸಿದ. "ಇದೇನು, ಹದ್ದಾ?"

ಆಕಾಶದ ಎಡಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಹೇಮಲತಾ ಇನ್ನಷ್ಟು ಹಿಗ್ಗಿಸಿದಳು. ರೆಕ್ಕೆ ಇಲ್ಲ, ಬಾಲ ಇಲ್ಲ. ಮಗುವಿನ ಕೆನ್ನೆಗೆ ಇಡುವ ಕಾಡಿಗೆಯ ಹಾಗೆ ದುಂಡಗೆ ಇತ್ತು.

ಇದು ಆಕಾಶವೇ ಅಲ್ಲ.

* * *

"ನನ್ ಬೊಟ್ಟೇ ಮೇಡಂ," ಎಂದ ನಾಗಯ್ಯ. ರಾಮಯ್ಯನವರ ನಡುಮನೆಗೆ ಕರೆತಂದರೂ ಮಾದೇಶ್ ಅವನ ರಟ್ಟೆ ಬಿಟ್ಟಿರಲಿಲ್ಲ. "ಯಾವ ಪರದೆ ಬರದ್ರೂ ಮೂಲೇಲಿ ಒಂದು ದೃಷ್ಟಿಬೊಟ್ಟು ಇಡ್ತೀನಿ. ನಮ್ಮಪ್ಪಾನೂ ಇಡ್ತಿದ್ದ."

"ಫೋಟೋ ನಿನ್ನ ಪರದೇದು. ಹಾಗಿದ್ದರೆ ಫೋಟೋದಲ್ಲಿ ನೆಟ್ಟಗಿರೋ ಊರು ಇಲ್ಲಿ ಯಾಕೆ ಇಷ್ಟು ಸೊಟ್ಟ?"

ನಾಗಯ್ಯನಿಗೆ ಸಿಟ್ಟು ಬಂತು. ಪೊಲೀಸರ ಭಯವನ್ನೂ ಮರೆತ. "ಸೊಟ್ಟ ಅಲ್ಲ ಮೇಡಂ! ನಾಟಕದ ಬೀದಿ ಸೀನ್ ನೋಡಿಲ್ವಾ? ಮುಂದಿನ ಕುರ್ಚೀಲಿ ಕೂತ ಯಜಮಾನನ ಕಣ್ಣಿಗೆ ನೇರ ಬರ್ಬೇಕು, ಅಂಗೆ ಬರಿಯೋದು. ಪಕ್ಕದಲ್ಲಿ ಕೂತೋನಿಗೆ ಸೊಟ್ಟಾನೇ. ಇದೂ ಅಂಗೇ. ಎಂಟಡಿ ಮೇಜಲ್ಲಿ ಎರಡು ಮೈಲಿ ತೋರ್ಸ್ಬೇಕಲ್ಲ? ಮುಂದಿಂದು ದೊಡ್ಡದು, ಹಿಂದಿಂದು ಚಿಕ್ಕದು. ಮೇಜಿನ ಮುಂದೆ ನೆಲಕ್ಕೆ ಒಂದು ಮೊಳೆ ಹೊಡ್ದಿದ್ದೀವಲ್ಲ, ಅದ್ರ ಮೇಲೆ ಸ್ಟೂಲ್ ಆಕಿ ಕೂತ್ಕಳಿ. ಒಂದು ಕಣ್ಣು ಮುಚ್ಕಳಿ."

ಹೇಮಲತಾ ಕೂತಳು. ಎಡಗಣ್ಣು ಮುಚ್ಚಿದಳು.

ಸೊಟ್ಟ ಮನೆಗಳು ನೆಟ್ಟಗಾದವು. ಹಳಿ ದಿಗಂತದವರೆಗೆ ಓಡಿತು. ಪರದೆ ಎಲ್ಲಿ ಶುರು, ಮೇಜು ಎಲ್ಲಿ ಮುಗಿಯಿತು, ತಿಳಿಯಲಿಲ್ಲ. ಹತ್ತಿರದ ದಪ್ಪ ಕಡ್ಡಿಯೂ ಮೊಳದಾಚೆಯ ತೆಳು ಕಡ್ಡಿಯೂ ತುದಿಗೆ ತುದಿ ಕೂಡಿ ಒಂದೇ ಗೇಟಾದವು. ಮುಂದೆ ನಿಂತ ಆಟೋದ ಒಳಗೆ ಯಾರೋ ಇದ್ದಾರೆ ಅನ್ನಿಸಿತು. ಫೋಟೋ ತೆಗೆದದ್ದು ಇಲ್ಲಿಂದಲೇ.

ಮಾದೇಶ್ ಕೋಳ ತೆಗೆದ. "ಈ ಜಾಗ ಗೊತ್ತಿದ್ದೋನು ಇವ್ನೇ ಮೇಡಂ."

"ಶನಿವಾರ ಜಗಳ ಯಾಕೆ?" ಎಂದಳು ಹೇಮಲತಾ.

"ಆಕಾಶ ಮೂರು ಸಲ ಬರ್ಸಿದ್ರು. ಅವತ್ತಿನ ಬೆಳಕು ಇದಲ್ಲ, ಅವತ್ತಿನ ಬೆಳಕು ಇದಲ್ಲ ಅಂತಾರೆ! ನಂಗೇನು ಗೊತ್ತು ಅವತ್ತಿಂದು?" ನಾಗಯ್ಯ ಮೇಜಿನತ್ತ ಬಾಗಿದ. "ಅಯ್ಯೋ, ಗೇಟು ಇಳಿಸಿದೋರು ಯಾರು? ಎತ್ತೇ ಇರ್ಬೇಕು ಅಂತಿದ್ರು ಸಾಹೇಬ್ರು. ಹಸಿರು ಲೈಟು, ಎತ್ತಿದ ಗೇಟು. ನಾನು ಮುಟ್ಟಾಕೂ ಬಿಡ್ತಿರ್ನಿಲ್ಲ."

ಹೇಮಲತಾ ಕವನಳ ಕಡೆ ತಿರುಗಿದಳು. "ಅವತ್ತು ಅಂದರೆ ಯಾವತ್ತು?"

ಕವನ ಬಾಗಿಲಿಗೆ ಒರಗಿದಳು. "ಹನ್ನೊಂದು ವರ್ಷ ಆಯ್ತು. ಬಸವನಗುಂಡಿ ಗೇಟಲ್ಲಿ ಆಟೋಗೆ ರೈಲು ಗುದ್ದಿ ಇಬ್ಬರು ಹೋದರು. ಗೇಟ್‌ಮನ್ ಚಿಕ್ಕಮಾದು ಗೇಟು ಮುಚ್ಚಲಿಲ್ಲ ಅಂತ ಜೈಲಿಗೆ ಹಾಕಿದ್ರು. ನಂಗೆ ಫೋನೇ ಬರಲಿಲ್ಲ ಅಂತ ಬಡ್ಕೊಂಡ, ಯಾರೂ ನಂಬಲಿಲ್ಲ. ಹೋದ ವರ್ಷ ತೀರ್ಕೊಂಡ."

"ಸ್ಟೇಷನ್ನಲ್ಲಿ ಡ್ಯೂಟಿ ಮೇಲಿದ್ದದ್ದು ನಿಮ್ಮಪ್ಪಾನಾ?"

"ಇಲ್ಲ. ಅಪ್ಪ ಆಮೇಲೆ ಡ್ಯೂಟಿಗೆ ಬಂದ್ರು. ಇದ್ದದ್ದು ಮಹಾದೇವಸ್ವಾಮಿ ಅಂಕಲ್. ಅವರೂ ಸ್ಟೇಷನ್ ಮಾಸ್ಟ್ರೇ."

ಹೇಮಲತಾ ಮಹಾದೇವಸ್ವಾಮಿಯವರನ್ನು ಕರೆಸಲು ಹೇಳಿದಳು. ಗಡಿಯಾರ ನಾಲ್ಕು ಹೊಡೆಯಿತು.

* * *

ಮಹಾದೇವಸ್ವಾಮಿ ಬಂದಾಗ ನಾಲ್ಕೂವರೆ. ಪದೇ ಪದೇ ಕೈಗಡಿಯಾರ ನೋಡುತ್ತಿದ್ದರು.

"ಒಂದು ಸಹಿ ಬೇಕಿತ್ತು ಸರ್. ಈ ಮಾಡೆಲ್ ನೋಡಿದ್ದೀರಾ?"

"ಇಲ್ಲಪ್ಪ. ಇವತ್ತೇ ಮೊದಲು. ಏನಿದು, ಒಂದೂ ಅರ್ಥ ಆಗಲ್ಲ."

ಅವರು ನಿಂತದ್ದು ಮೇಜಿನ ಪಕ್ಕದಲ್ಲಿ. ಅಲ್ಲಿಂದ ಎಲ್ಲವೂ ಸೊಟ್ಟ. ನಾಗಯ್ಯ ಗೇಟಿನ ಎರಡೂ ಕಡ್ಡಿಗಳನ್ನು ಮೊದಲಿನಂತೆ ಎತ್ತಿಟ್ಟಿದ್ದ. ಹಸಿರು ದೀಪ ಉರಿಯುತ್ತಿತ್ತು. ಹೇಮಲತಾ ಕಾಗದ ಹುಡುಕುವವಳಂತೆ ತಡಮಾಡಿದಳು. ಮಾದೇಶ್ ಸ್ವಿಚ್ ಒತ್ತಿದ.

ಹಿಂದಿನಿಂದ ಆಟದ ರೈಲು ಹೊರಟಿತು. ಗಡಗಡ ಸದ್ದು. ಮಹಾದೇವಸ್ವಾಮಿಯವರ ಮಾತು ಅರ್ಧಕ್ಕೆ ನಿಂತಿತು. ಕಣ್ಣು ಹಸಿರು ದೀಪಕ್ಕೆ ಹೋಯಿತು, ಅಲ್ಲಿಂದ ಆಟೋಗೆ. ರೈಲು ಸ್ಟೇಷನ್ ದಾಟಿತು.

ಅವರ ಕೈ ಹೋಗಿಯೇಬಿಟ್ಟಿತು. ಹತ್ತಿರದ ಕಡ್ಡಿ ಇಳಿಯಿತು. ತಡವರಿಸದೆ ಮುಂದಕ್ಕೆ ಬಾಗಿ, ಮೊಳದಾಚೆಯ ತೆಳು ಕಡ್ಡಿಯನ್ನೂ ಇಳಿಸಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂತ ಯಾರೂ ಅನ್ನಬೇಕಾಗಿಯೂ ಬರಲಿಲ್ಲ.

"ಇಲ್ಲಿ ಹದಿನಾರು ಕಡ್ಡಿ ಇವೆ," ಎಂದಳು ಹೇಮಲತಾ. "ಅದರಲ್ಲಿ ಗೇಟು ಯಾವುದು ಅಂತ ನಿಮಗೆ ಯಾರು ಹೇಳಿದರು?"

ಮಹಾದೇವಸ್ವಾಮಿ ಕೈ ಹಿಂದಕ್ಕೆ ಎಳೆದುಕೊಂಡರು.

"ಒಂದು ಕಡ್ಡಿ ಆಕಸ್ಮಿಕ ಅನ್ನೋಣ. ಎರಡನೇದೂ ಅದೇ ಗೇಟಿನದು ಅಂತ ಗೊತ್ತಾಗೋದು ಆ ಮೊಳೆ ಮೇಲೆ ಕೂತು, ಒಂದು ಕಣ್ಣು ಮುಚ್ಚಿ ನೋಡಿದವನಿಗೆ ಮಾತ್ರ. ನಿನ್ನೆ ಫೋಟೋ ತೆಗೆಯೋಕೆ ಮುಂಚೆನೂ ಹೀಗೇ ಕೈ ಹೋಯ್ತಾ?"

"ಅಂಕಲ್," ಎಂದಳು ಕವನ. "ನಮ್ಮಪ್ಪ ಎಲ್ಲಿ?"

ಆ ಮನುಷ್ಯ ಸ್ಟೂಲಿನ ಮೇಲೆ ಕುಸಿದು ಕೂತ. ಇನ್ನು ಇವನಿಗೆ ಬಹುವಚನ ಯಾಕೆ? "ಪಂಪ್‌ಹೌಸಲ್ಲಿ," ಎಂದ. "ನರಸೀಪುರದ ತೋಟ. ಜೀವ ಇದೆ."

* * *

ಜೀಪು ನರಸೀಪುರದ ರಸ್ತೆಯಲ್ಲಿ ಹಾರುತ್ತಿತ್ತು. ಕವನ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಸೂರ್ಯ ಕಬ್ಬಿನ ಗದ್ದೆಗೆ ಇಳಿಯುತ್ತಿದ್ದ.

ಮಾದೇಶನಿಗೆ ತಡೆಯಲಾಗಲಿಲ್ಲ. "ನಾಗಯ್ಯ ಅಲ್ಲ ಅಂತ ಹೆಂಗೆ ಗೊತ್ತಾಯ್ತು ಮೇಡಂ?"

"ಗೇಟು ಇಳಿದಿತ್ತಲ್ಲ. ನಾಗಯ್ಯನ ಕಣ್ಣಿಗೆ ಹಸಿರು ಒಂದು ಬಣ್ಣ ಅಷ್ಟೆ. ನಮ್ಮ ನಿಮ್ಮ ಕಣ್ಣಿಗೆ ಹಸಿರು ಅಂದರೆ ದಾಟು ಅಂತ. ಗೇಟು ಎತ್ತಿದ್ದರೂ ನಮಗೆ ಏನೂ ಅನ್ನಿಸಲ್ಲ. ರೈಲ್ವೆಯವನಿಗೆ ಮಾತ್ರ ಅದನ್ನ ಹಾಗೇ ಬಿಡೋಕೆ ಆಗಲ್ಲ. ಚಿಕ್ಕಮಾದು ಹೇಳಿದ್ದೇ ನಿಜ ಇರಬೇಕು, ಅವತ್ತು ಇವನು ಗೇಟಿಗೆ ಫೋನೇ ಮಾಡದೆ ಹಸಿರು ಕೊಟ್ಟ. ಆಮೇಲೆ ರಿಜಿಸ್ಟರಲ್ಲಿ ಸುಳ್ಳು ನಂಬರ್ ಬರೆದ. ಅಲ್ಲಿಂದ ರಿಟೈರ್ ಆಗೋ ತನಕ ಎಷ್ಟು ಸಲ ಗೇಟು ಕೇಳಿ ಕೇಳಿ ಹಸಿರು ಕೊಟ್ಟಿದ್ದಾನೋ! ಆ ಭಯ ಕೈಗೆ ಇಳಿದಿದೆ."

"ಫೋಟೋ ಯಾಕೆ ಬೇಕಿತ್ತು?"

"ರಾಮಯ್ಯ ಬೆಳಿಗ್ಗೆ ಓಡಾಡ್ತಿದ್ದರು ಅಂತ ತೋರಿಸಬೇಕಿತ್ತು. ನಿಜವಾದ ಗೇಟಿಗೆ ಹೋದರೆ ಕ್ಯಾಮೆರಾ ಇದೆ, ಗುರುತಿನವರಿದ್ದಾರೆ. ನಿನ್ನೆ ರಾಮಯ್ಯ ಇವನನ್ನ ಕರೆದು ಸ್ಟೂಲ್ ಮೇಲೆ ಕೂರಿಸಿ ತೋರಿಸಿರಬೇಕು. ನೋಡು, ನಾಳೆ ಮೈಸೂರಿನ ರೈಲ್ವೆ ಆಫೀಸಿಗೆ ಹೋಗಿ ಇದನ್ನೇ ಹೇಳ್ತೀನಿ ಅಂತ. ಇವನು ನಿದ್ದೆ ಮಾತ್ರೆ ಹಾಕಿ ತೋಟಕ್ಕೆ ಎತ್ತಿಕೊಂಡು ಹೋಗಿರಬೇಕು. ಬೆಳಿಗ್ಗೆ ಘಟ್ಟದಲ್ಲಿ ಚಪ್ಪಲಿ ಇಟ್ಟು ಮೆಸೇಜ್ ಕಳಿಸಿದ. ಕತ್ತಲಾದ ಮೇಲೆ ಸಂಗಮದಲ್ಲಿ ಮುಳುಗಿಸಿದ್ದರೆ ಹೆಣ ನಂಜನಗೂಡಿಂದ ತೇಲಿ ಬಂತು ಅಂತ ನಾವೇ ಬರೀತಿದ್ವಿ. ನಾಳೆ ಅಲ್ಲಿ ನೋಡಿ ಅಂತ ಬೆಳಿಗ್ಗೆಯೇ ಹೇಳಿದ್ದನಲ್ಲ."

ಹಿಂದೆ ಕೋಳ ತೊಟ್ಟು ಕೂತವನು ತಲೆ ಎತ್ತಲಿಲ್ಲ.

ಪಂಪ್‌ಹೌಸಿನ ಚಿಲಕ ಹೊರಗಿನಿಂದ ಹಾಕಿತ್ತು. ಮಾದೇಶ್ ಅದನ್ನು ಎಳೆದು ಬಾಗಿಲು ತಳ್ಳಿದ. ಗೊಬ್ಬರದ ಚೀಲಗಳ ಮೇಲೆ ರಾಮಯ್ಯ ಬಿದ್ದಿದ್ದರು. ಬಾಯಿಗೆ ಟವೆಲು, ಕೈಗೆ ಹಗ್ಗ. ಕವನ ಎಲ್ಲರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದಳು. ಮೂಗಿನ ಹತ್ತಿರ ಕೈ ಹಿಡಿದಳು. ಉಸಿರಿತ್ತು. ಬೆಳಗಿನಿಂದ ತಡೆದಿದ್ದ ಅಳು ಆಗ ಒಡೆಯಿತು.

* * *

ನರಸೀಪುರದ ಆಸ್ಪತ್ರೆಯಲ್ಲಿ ರಾಮಯ್ಯನವರಿಗೆ ಪೂರ್ತಿ ಎಚ್ಚರ ಬಂದದ್ದು ಮಾರನೆಯ ಬೆಳಿಗ್ಗೆ. ಮಗಳ ಕೈ ಹಿಡಿದುಕೊಂಡರು. ಹೇಮಲತಾ ಕಾಗದ ತೆಗೆದಳು.

"ಅವನು ನಿಮಗೆ ಏನೇನು ಮಾಡಿದ ಹೇಳಿ ಸರ್, ಬರ್ಕೋತೀನಿ."

"ನಂದು ಆಮೇಲೆ. ಮೊದಲು ಚಿಕ್ಕಮಾದುದು ಬರ್ಕೊಳ್ಳಿ. ಅವನು ತಪ್ಪು ಮಾಡಿಲ್ಲ. ಅವನ ಗೇಟಿಗೆ ಫೋನ್ ಹೋಗಲೇ ಇಲ್ಲ."

"ಅದು ನಿಮಗೆ ಯಾವಾಗ ತಿಳೀತು?"

ರಾಮಯ್ಯ ಮಗಳ ಮುಖ ನೋಡದೆ ಹೇಳಿದರು. "ಅವತ್ತೇ. ನಾನು ಡ್ಯೂಟಿಗೆ ಬಂದಾಗ ರಿಜಿಸ್ಟರಿನ ಇಂಕು ಇನ್ನೂ ಒಣಗಿರಲಿಲ್ಲ. ಬೆರಳಿಗೆ ಅಂಟ್ತು. ಸ್ನೇಹಿತ ಅಂತ ಬಾಯಿ ಮುಚ್ಚಿಕೊಂಡೆ. ಚಿಕ್ಕಮಾದು ಹೆಂಡತಿ ಚಿನ್ನಮ್ಮ ನಮ್ಮ ಮನೆ ಬಾಗಿಲಿಗೆ ಬಂದು ಕಾಲು ಹಿಡಿದಾಗಲೂ ಬಾಯಿ ಬಿಡಲಿಲ್ಲ. ಆರೋಪಿಗಳಲ್ಲಿ ಎರಡನೇ ಹೆಸರು ನಂದು ಬರ್ಕೊಳ್ಳಿ ಮೇಡಂ."

ಕವನ ಅಪ್ಪನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಅಪ್ಪ ಬದುಕಿದ್ದಾರೆ, ಬದುಕಿದ್ದಾರೆ ಎಂದು ನಿನ್ನೆಯೆಲ್ಲ ಜಪಿಸಿದವಳು. ಹೇಮಲತಾಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಬರ್ಕೊಳ್ಳಿ ಮೇಡಂ," ಎಂದಳು ಕವನ. "ಚಿನ್ನಮ್ಮನ್ನ ನಾನೇ ಕರ್ಕೊಂಡು ಬರ್ತೀನಿ. ಅವರೆದುರಿಗೆ ಅಪ್ಪ ಇನ್ನೊಂದು ಸಲ ಹೇಳಲಿ."