ಪರದೆಯ ಮೇಲಿನ ಮಾವ

ಅಕ್ಕನ ಗಂಡ ಸಾತಲಿಂಗಪ್ಪ ಕಬ್ಬಿಣದ ಸರಳಿನಿಂದ ಹೊಡೆದು ಮುರಿದ ಬೆರಳುಗಳು ಸಿದ್ಧರಾಮನಿಗೆ ಮತ್ತೆ ನೆಟ್ಟಗಾಗಲಿಲ್ಲ. ಸೋಲಾಪುರದಲ್ಲಿದ್ದ ಮಾವನ ಚಾದರ ಕಾರ್ಖಾನೆಯ ಆಳುಗಳೆಲ್ಲ ನಿಂತು ನೋಡಿದ್ದರು. ನೂಲು ಸುತ್ತುವ ಉಜ್ವಲಾಳನ್ನು ಮದುವೆಯಾಗುತ್ತೇನೆ ಎಂದದ್ದೇ ಅವನ ತಪ್ಪು. ಮರುದಿನ ಮಾವನ ಕಡೆಯವರು ಅವಳ ಮನೆಯವರನ್ನೂ ಹೊಡೆದು ಊರು ಬಿಡಿಸಿದರು.

ಸಿದ್ಧರಾಮ ಕಾರ್ಖಾನೆಯ ಕಂಪ್ಯೂಟರು, ಕ್ಯಾಮೆರಾಗಳನ್ನು ಎಂದಿನಂತೆ ನೋಡಿಕೊಂಡ.

ಮಾವ ಸಾತಲಿಂಗಪ್ಪನ ಎದೆಯ ಶಸ್ತ್ರಚಿಕಿತ್ಸೆಯಾದಾಗಿನಿಂದ ಅಕ್ಕ ಲೀಲಾಬಾಯಿ ಅಕ್ಕಲಕೋಟದ ಮನೆಯ ಕಂಪ್ಯೂಟರಿನಲ್ಲಿ, ಕ್ಯಾಮೆರಾದ ಮೂಲಕ, ಕಾರ್ಖಾನೆಯಲ್ಲಿನ ಅವನ ಕೋಣೆಯನ್ನು ನೋಡುತ್ತಲೇ ಇರುತ್ತಿದ್ದಳು. ಸಿದ್ಧರಾಮನಿಗೆ ಅವಳೇ ಸಾಕ್ಷಿ. ಮಾವನನ್ನು ಕೊಂದು ಹೋಗಿ ಅಕ್ಕನ ಪಕ್ಕ ಚಹಾ ಕುಡಿಯುತ್ತ ಕೂತಾಗ, ಪರದೆಯ ಮೇಲೆ ಮಾವ ಬದುಕಿರಬೇಕು. ಅದಕ್ಕೆ ಆ ಕ್ಯಾಮೆರಾ ಹಿಂದೊಂದು ದಿನ ಹಿಡಿದಿಟ್ಟ ಹಳೆಯ ಚಿತ್ರ ಅವನ ಬಳಿ ಇತ್ತು.

ಆದರೆ ಕಂಪ್ಯೂಟರು ಬಂದದ್ದನ್ನೆಲ್ಲ ನಂಬುವುದಿಲ್ಲ. ಕ್ಯಾಮೆರಾ ತನ್ನ ಪ್ರಮಾಣಪತ್ರ ತೋರಿಸಬೇಕು. ಅದಕ್ಕೆ ಸಹಿ ಹಾಕಿದವರು ಯಾರು, ಅವರಿಗೆ ಸಹಿ ಕೊಟ್ಟವರು ಯಾರು ಎಂದು ಕೊಂಡಿ ಹಿಡಿದು ಮೇಲೇರಿ, ತಾನು ಮೊದಲೇ ನಂಬಿದ ಮೂಲವೊಂದನ್ನು ಮುಟ್ಟಿದರೆ ಮಾತ್ರ ಅದು ಚಿತ್ರ ತೋರಿಸುತ್ತದೆ. ಸಿದ್ಧರಾಮ ತನ್ನದೇ ಒಂದು ಸುಳ್ಳು ಮೂಲ ಹುಟ್ಟಿಸಿ, ಅದರ ಸಹಿಯಿರುವ ಪ್ರಮಾಣಪತ್ರವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ರಿಪೇರಿಯ ನೆಪದಲ್ಲಿ ಅಕ್ಕನ ಕಂಪ್ಯೂಟರಿಗೆ ಅದನ್ನು ನಂಬಲು ಕಲಿಸಿದ.

ಕಾರ್ಖಾನೆಗೆ ರಜೆಯಿದ್ದ ದಿನ, ಕ್ಯಾಮೆರಾದಿಂದ ಚಿತ್ರ ಹೊರಹೋಗುವ ದಾರಿಯಲ್ಲಿ ತನ್ನ ಲ್ಯಾಪ್‌ಟಾಪ್ ಕೂರಿಸಿ ಹಳೆಯ ಚಿತ್ರ ಹರಿಯಬಿಟ್ಟ. ಆಮೇಲೆ ಸರಳು ಹಿಡಿದು, ಒಬ್ಬನೇ ಕೂತಿದ್ದ ಮಾವನ ಕೋಣೆಯೊಳಗೆ ಹೋದ.

"ಸೂಟಿ ದಿನಾ ಯಾಕ ಬಂದಿಲೇ?" ಎಂದ ಸಾತಲಿಂಗಪ್ಪ.

ಮೊದಲ ಏಟಿಗೆ ಹೆಗಲೆಲುಬು ಮುರಿಯಿತು. ಮೇಜಿನಡಿ ತೆವಳುತ್ತಿದ್ದವನ ಕಾಲು ಹಿಡಿದೆಳೆದು ತಲೆಗೆ ಹೊಡೆದ. ಗೋಡೆಯ ಚಾದರಗಳ ಮೇಲೆ ರಕ್ತ ಸಿಡಿಯಿತು. ಕೈ ಸೋಲುವವರೆಗೂ ಹೊಡೆದ. ಸಿದ್ಧರಾಮನಿಗೆ ಅಂಜಿಕೆಯಾಗಲಿಲ್ಲ, ಹಗುರೆನಿಸಿತು. ಬಟ್ಟೆ ಬದಲಿಸಿ, ಬೈಕಿನಲ್ಲಿ ಅಕ್ಕಲಕೋಟದ ದಾರಿ ಹಿಡಿದ.

ಅಕ್ಕ ಅಂಗಳದಲ್ಲೇ ನಿಂತಿದ್ದಳು. ಅವಳ ಹಿಂದೆ ಇಬ್ಬರು ಪೊಲೀಸರು.

"ಅಕ್ಕಾ, ಏನಾಗ್ಯಾದ?"

"ಮುಂಜಾನಿಂದ ಕರೆಂಟ್ ಇಲ್ಲ, ಕಂಪ್ಯೂಟರ್ ಬಂದ್ ಅದ, ಸಿದ್ಧರಾಮ," ಎಂದಳು. "ಫೋನಿನ್ಯಾಗ ನೋಡಿದ್ರ 'ಇದನ್ನ ನಂಬಬ್ಯಾಡ್ರಿ' ಅಂತ ಬಂತು. ನಿನ್ನ ಮಾವ ಫೋನ್ ಎತ್ತಲಿಲ್ಲ. ಕಾರ್ಖಾನಿ ಬಾಜೂ ಅಂಗಡಿ ಅಂಬಾದಾಸಗ ಫೋನ್ ಮಾಡಿ ಅಲ್ಲಿಗಿ ಓಡಿಸಿದೆ. ನಿನ್ನ ಮಾವನ ಉಸರು ಇನ್ನೂ ನಿಂತಿಲ್ಲ. ನಿನ್ನ ಹೆಸರು ಹೇಳ್ಯಾರ."

ಪೊಲೀಸರು ಅವನ ತೋಳು ಹಿಡಿದರು. ಸಿದ್ಧರಾಮ ಅಕ್ಕನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತ. ಯಾರನ್ನು ನಂಬಬೇಕೆಂಬುದನ್ನು ಪ್ರತಿಯೊಂದು ಯಂತ್ರವೂ ತನ್ನೊಳಗೇ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅವನು ಕಲಿಸಿದ್ದು ಕಂಪ್ಯೂಟರಿಗೆ ಮಾತ್ರ.