ಕೆಂಪಾಗದ ನಾಲ್ಕು

2025ರ ಮಾರ್ಚ್ 18, ಮಂಗಳವಾರ, ಬೆಳಗ್ಗೆ 9.10. ಹನೂರು ಠಾಣೆಗೆ ದತ್ತಿ ಆಸ್ಪತ್ರೆಯೊಂದರ ನರ್ಸ್ ಪವಿತ್ರ ಏದುಸಿರು ಬಿಡುತ್ತಾ ಬಂದಳು. ಹಾವು ಕಚ್ಚಿದವರಿಗೆ ಹಾಕುವ ಔಷಧಿಯ ಇಪ್ಪತ್ತು ಸೀಸೆ ಕಾಣೆಯಾಗಿವೆ ಎಂಬುದು ದೂರು. ಜೋಳದ ಹೊಲದಲ್ಲಿ ಹಾವು ಕಚ್ಚಿದ ಚಿಕ್ಕಬಸಮ್ಮ ಎಂಬಾಕೆ ಹಾಸಿಗೆಯಲ್ಲಿದ್ದಾಳೆ. ಉಳಿದಿದ್ದ ನಾಲ್ಕು ಸೀಸೆ ಹಾಕಿಯಾಗಿದೆ. ಇನ್ನೂ ಎಂಟಾದರೂ ಬೇಕು.

"ಕೊಳ್ಳೇಗಾಲದಿಂದ ತರಕ್ಕೆ ಆಂಬುಲೆನ್ಸ್ ಓಗ್ಯದೆ ಮೇಡಂ. ಬರೋದು ಅನ್ನೊಂದು ಗಂಟೆಯಾಯ್ತದೆ. ಅಲ್ಲಿಗಂಟ ತಡೆಯಲ್ಲ ಅಂತವ್ರೆ ಡಾಕ್ಟ್ರು."

ಇನ್ಸ್‌ಪೆಕ್ಟರ್ ಮಧುಶ್ರೀ ಎಫ್‌ಐಆರ್ ದಾಖಲಿಸಲು ಹೇಳಿ ಜೀಪು ಹತ್ತಿದರು. ಜೊತೆಗೆ ಹೆಡ್ ಕಾನ್ಸ್‌ಟೇಬಲ್ ಶಿವನಂಜಯ್ಯ ಇದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಕಂಪ್ಯೂಟರಿನ ಮುಂದೆ ಒಂದು ದಿನವೂ ಕೂತವರಲ್ಲ, ಆದರೆ ಒಮ್ಮೆ ಕೈಯಾರೆ ಬರೆದ ಹೆಸರನ್ನು ಮರೆತವರೂ ಅಲ್ಲ.

9.25. ಆಸ್ಪತ್ರೆಯ ಔಷಧಿ ಬೀರುವಿನ ಬೀಗ ಒಡೆದಿರಲಿಲ್ಲ. ಪವಿತ್ರ ಕಂಪ್ಯೂಟರಿನಲ್ಲಿ ಸ್ಟಾಕ್ ಶೀಟ್ ತೆರೆದಳು. ಬೆಳಗ್ಗೆ ಹಾಕಿದ ನಾಲ್ಕು ಸೀಸೆಯನ್ನು ಅದರಲ್ಲಿ ಇನ್ನೂ ಕಳೆದಿರಲಿಲ್ಲ. ಯಾವ ಔಷಧಿಯಾದರೂ ಹತ್ತಕ್ಕಿಂತ ಕಡಿಮೆಯಾದರೆ ಅದರ ಅಂಕಿಯ ಚೌಕ ತಾನಾಗಿ ಕೆಂಪಾಗುವಂತೆ ಅದರಲ್ಲಿ ನಿಯಮ ಹಾಕಿಟ್ಟಿದ್ದರು. ದಿನಾ ಬೆಳಗ್ಗೆ ಡಾಕ್ಟರ್ ಬಸವೇಶ ಕೆಂಪು ಎಲ್ಲಿದೆ ಎಂದಷ್ಟೇ ನೋಡಿ ಆರ್ಡರ್ ಕಳಿಸುತ್ತಿದ್ದರು.

"ಅಂಕಿ ಓದ್ತಿರಲಿಲ್ವಾ?" ಮಧುಶ್ರೀ ಕೇಳಿದರು.

"ಇಲ್ಲ ಮೇಡಂ. ಬಣ್ಣ ನೋಡಿದ್ರೆ ಸಾಕು ಅಂದ್ಕೊಂಡಿದ್ದೆ," ಎಂದು ಡಾಕ್ಟರ್ ತಲೆ ತಗ್ಗಿಸಿ ರೋಗಿಯ ಕಡೆ ಓಡಿದರು.

ಶಿವನಂಜಯ್ಯ ಕನ್ನಡಕ ಏರಿಸಿ, ಕಾಳು ಆರಿಸುವವರ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು.

"ಆರು ಕೆಂಪು. ಏಳೂ ಕೆಂಪು. ಹಾವಿನ ಔಸ್ದಿ ಸಾಲ್ನಲ್ಲಿ ನಾಲ್ಕು ಅಂತದೆ. ಅದ್ಯಾಕವ್ವ ಬೆಳ್ಳಗದೆ?"

ಪವಿತ್ರ ಆ ಸಾಲಿನ ನಿಯಮ ತೆರೆದಳು. ಉಳಿದ ಸಾಲುಗಳಲ್ಲಿ 'ಹತ್ತಕ್ಕಿಂತ ಕಡಿಮೆ' ಎಂದಿದ್ದದ್ದು ಇದೊಂದರಲ್ಲಿ 'ಎರಡಕ್ಕಿಂತ ಕಡಿಮೆ' ಎಂದಾಗಿತ್ತು. ಒಂದು ತಿಂಗಳಿಂದ ಹಾವು ಕಚ್ಚಿದವರು ಒಬ್ಬರೂ ಬಂದಿರಲಿಲ್ಲ. ಆದರೂ ಎರಡು, ಮೂರು, ಎರಡು ಎಂದು ಖರ್ಚು ಬರೆದಿತ್ತು.

"ತಕಂಡೋದೋನು ಲೆಕ್ಕ ಮಾತ್ರ ಸರಿಯಾಗಿ ಬರ್ದವ್ನೆ ನೋಡಿ ಮೇಡಂ. ಕಳ್ಳ ಅನ್ನಕ್ಕೂ ನಾಲಿಗೆ ತಡೀತದೆ," ಎಂದರು ಶಿವನಂಜಯ್ಯ.

ಮಧುಶ್ರೀ ಶೀಟಿನ ಹಳೆಯ ಪ್ರತಿಗಳನ್ನು ತೆಗೆಸಿದರು. ನಿಯಮ ಬದಲಾದದ್ದು ಫೆಬ್ರವರಿ 20, ಸಂಜೆ 4.10ಕ್ಕೆ. ಆಸ್ಪತ್ರೆಯ ಸಿಬ್ಬಂದಿ ಮೂವರಿಗೂ ಇದ್ದದ್ದು ಒಂದೇ ಪಾಸ್‌ವರ್ಡ್. ಹಾಜರಿ ಪುಸ್ತಕದ ಪ್ರಕಾರ ಆ ದಿನ ಡಾಕ್ಟರ್ ಯಳಂದೂರಿನ ಶಿಬಿರದಲ್ಲಿದ್ದರು, ಪವಿತ್ರ ರಜೆಯಲ್ಲಿದ್ದಳು. ಉಳಿದವನು ಕಾಂಪೌಂಡರ್ ಮಾದೇಶ. ಇಂದು ಅವನು ರಜೆ, ಫೋನು ಸಿಗುತ್ತಿಲ್ಲ.

"ಅವನದು ಯಾವೂರು?" ಮಧುಶ್ರೀ ಕೇಳಿದರು.

"ಶಾಗ್ಯ ಊರಿನ ಆಚೆ, ಕಾಡಂಚಿನ ದೊಡ್ಡಿ. ನಾಕೈದು ಮನೆ ಅಷ್ಟೇಯ," ಎಂದಳು ಪವಿತ್ರ.

ಶಿವನಂಜಯ್ಯ ಕನ್ನಡಕ ಮಡಿಸಿದರು. "ಒಂಬತ್ತು ವರ್ಷದ ಕೆಳಗೆ ಆ ದೊಡ್ಡಿ ಹೆಣ್ಣುಮಗಳದು ಶವ ಪಂಚನಾಮೆ ನಾನೇ ಬರ್ದಿದ್ದೆ. ರತ್ನ. ಹಾವು ಕಚ್ಚಿ ಆಸ್ಪತ್ರೆ ದಾರೀಲೇ ಪ್ರಾಣ ಬಿಟ್ಲು. ಪಕ್ಕದಲ್ಲಿ ಕೂತಿದ್ದ ಅಣ್ಣ ಮಾದೇಶ ಅಂತ ರುಜು ಆಕಿದ್ದ. ನಡೀರಿ, ದಾರಿ ನಂಗೊತ್ತು."

9.55. ದೊಡ್ಡಿಯಲ್ಲಿ ಮಾದೇಶ ಹಸುವಿಗೆ ಹುಲ್ಲು ಹಾಕುತ್ತಿದ್ದ. ಜೀಪು ಕಂಡವನು ಓಡಲಿಲ್ಲ.

"ಸೀಸೆ ಎಲ್ಲಿ?" ಶಿವನಂಜಯ್ಯ ಕೇಳಿದರು.

"ಯಾವ ಸೀಸೆ ಸಾ?"

"ಲೇ ಮಾದೇಶ, ಚಿಕ್ಕಬಸಮ್ಮ ಅಂತ ಒಬ್ಬಳು ಉಸಿರಾಡಕ್ಕಾಗದೆ ಮಲಗವ್ಳೆ ಕಣ್ಲಾ. ನಿಮ್ಮಾಸ್ಪತ್ರೆ ಬೀರು ಖಾಲಿ."

ಮಾದೇಶನ ಕೈಯ ಹುಲ್ಲು ಕೆಳಗೆ ಬಿತ್ತು. ಒಳಗೆ ಓಡಿ, ತಂಪಿಗೆಂದು ಒದ್ದೆ ಮರಳಿನಲ್ಲಿ ಕುತ್ತಿಗೆವರೆಗೆ ಹೂತ ಮಡಕೆಯನ್ನು ತಾನೇ ಎತ್ತಿಕೊಂಡು ಬಂದ. ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಸೀಸೆಗಳಿದ್ದವು. ಒಂದೂ ತೆರೆದಿರಲಿಲ್ಲ. ಪಕ್ಕದ ಮನೆಯವರಿಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ ಮಧುಶ್ರೀ ಎಣಿಸಿ, ಫೋಟೊ ತೆಗೆದು, ಐದು ನಿಮಿಷದಲ್ಲಿ ಪಂಚನಾಮೆ ಮುಗಿಸಿದರು.

ಜೀಪಿನಲ್ಲಿ ಮಡಕೆ ಮಾದೇಶನ ತೊಡೆಯ ಮೇಲಿತ್ತು.

"ದೊಡ್ಡೀಲಿ ಯಾರಿಗಾರ ಹಾವು ಕಚ್ಚಿದ್ರೆ ಯಾರು ಸೂಜಿ ಆಕ್ತಿದ್ರು?" ಶಿವನಂಜಯ್ಯ ಕೇಳಿದರು.

"ನಾನೇಯ. ನೋಡಿ ಕಲ್ತಿವ್ನಿ."

"ಔಸ್ದಿ ಮೈಗೆ ಒಗ್ಗದೆ ಓದ್ರೆ?"

ಮಾದೇಶ ಮಡಕೆಯನ್ನು ಎದೆಗೆ ಒತ್ತಿಕೊಂಡ. "ಅದು ಯೋಚ್ನೆಗೇ ಬರ್ನಿಲ್ಲ ಸಾ. ಇನ್ನೊಬ್ಬಳು ದಾರೀಲಿ ಸಾಯಬಾರ್ದು ಅಂತ ಅಷ್ಟೇಯ. ಕೆಂಪಾಗ್ಬುಟ್ರೆ ಕೇಳ್ತಾರೆ ಅಂತ ಬಣ್ಣ ತಡ್ದೆ. ಸುಳ್ಳು ಅಂಕಿ ಬರಿಯಕ್ಕೆ ಮನಸ್ಸಾಗ್ನಿಲ್ಲ."

10.30ಕ್ಕೆ ಮೊದಲ ಸೀಸೆ ಏರಿತು. ಮಧ್ಯಾಹ್ನ 2ರ ಹೊತ್ತಿಗೆ ಚಿಕ್ಕಬಸಮ್ಮ ಕಣ್ಣು ಬಿಟ್ಟು, "ನಮ್ಮ ಎಮ್ಮೆ ಕಟ್ಟಿದ್ದಾರಾ?" ಎಂದು ಕೇಳಿದಳು. 2.40ಕ್ಕೆ ನೌಕರನೇ ಮಾಡಿದ ಕಳವಿಗೆ ಹಾಕುವ ಭಾರತೀಯ ನ್ಯಾಯ ಸಂಹಿತೆ ಕಲಂ 306ರ ಅಡಿ ಮಾದೇಶನನ್ನು ಬಂಧಿಸಲಾಯಿತು. ಅವನು ರುಜು ಹಾಕಿದ ಕೈಬರಹ ಒಂಬತ್ತು ವರ್ಷದ ಹಿಂದಿನದೇ, ವಾಲಿದ ಅಕ್ಷರ.

ಜಾಮೀನಿಗೆಂದು ಕೊಳ್ಳೇಗಾಲದ ಕೋರ್ಟಿಗೆ ಕರೆದೊಯ್ದ ದಿನ ಮಾದೇಶ ಮೆಲ್ಲಗೆ ಕೇಳಿದ: "ಹಾವಿನ ಔಸ್ದಿ ಈಗ ಎಷ್ಟದೆ ಸಾ?"

"ಬೆಳಗ್ಗೆ ನೋಡ್ಕಂಡೇ ಬಂದೆ. ಮೂವತ್ತೆರಡು. ಆ ಸಾಲಿಗೆ ಇಪ್ಪತ್ತಕ್ಕೇ ಕೆಂಪಾಗಂಗೆ ಮಾಡವ್ರೆ. ಡಾಕ್ಟ್ರು ಈಗ ಅಂಕಿನೂ ಓದ್ತರೆ."

ಮೆಟ್ಟಿಲು ಹತ್ತುತ್ತಾ ಶಿವನಂಜಯ್ಯ ಇನ್ನೊಂದು ಮಾತು ಸೇರಿಸಿದರು: "ಅದರ ಕೆಳಗೆ ಒಂದು ಹೊಸ ಸಾಲು ಬರ್ದವ್ರೆ ಕಣ್ಲಾ. ಶಾಗ್ಯ ಅಂತ. ಶಾಗ್ಯದಲ್ಲೂ ಔಸ್ದಿ ಇಡ್ತಾರಂತೆ, ಅಲ್ಲಿ ಕೂತ್ಕಳಕ್ಕೆ ನರ್ಸೂ ಬರ್ತಾಳಂತೆ. ಇನ್ನೂ ಸೊನ್ನೆ ಅದೆ, ಎದ್ದು ಕಾಣಂಗೆ ಕೆಂಪಗದೆ."